ಮಳೆ ನಿಲ್ಲಲಿ, ಮಾಡಿಸೋಣ

ಕಳೆದ ಜುಲೈನಲ್ಲಿ ಶಿವಮೊಗ್ಗದಿಂದ ಫೋನ್ ಬಂತು. ಅಪ್ಪ ಕಟ್ಟಿಸಿದ ಮನೆಯಲ್ಲಿ ಬಾಡಿಗೆಗಿರುವ ಹೆಂಗಸು. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾರೆ. "ಅಕ್ಕಾ, ನಡುಮನೆ ತಾರಸಿ ಸೋರ್ತಾ ಇದೆ. ಮಿಷನ್ನು ಮೂರು ಸಲ ಜಾಗ ಬದಲಾಯಿಸಿದೆ. ಬಕೆಟ್ ಇಟ್ಟಿದೀನಿ, ರಾತ್ರಿ ಎದ್ದೆದ್ದು ಚೆಲ್ಲಬೇಕು." ನಾನು ಬೆಂಗಳೂರಿನಲ್ಲಿ, ನಾವೇ ಬಾಡಿಗೆಗಿರುವ ಮನೆಯ ಅಡುಗೆಮನೆಯಲ್ಲಿ, ಒಗ್ಗರಣೆ ಹಾಕುತ್ತಾ ನಿಂತಿದ್ದೆ. ಸಾಸಿವೆ ಸಿಡಿಯೋದು ನಿಲ್ಲುವಷ್ಟರಲ್ಲಿ ನನ್ನ ಉತ್ತರವೂ ಮುಗಿದಿತ್ತು. "ಈ ಮಳೇಲಿ ಯಾವ ಗಾರೆಯವನೂ ಬರಲ್ಲಮ್ಮ. ಬಂದ್ರೂ ಸಿಮೆಂಟ್ ನಿಲ್ಲಲ್ಲ. ಮಳೆ ನಿಲ್ಲಲಿ, ಮಾಡಿಸೋಣ."

ಅವರು "ಆಯ್ತಕ್ಕ" ಅಂದರು. ಆ "ಆಯ್ತಕ್ಕ" ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಮದುವೆಯಾದ ಹೊಸತರಲ್ಲಿ ನಾವು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಮೇಲಿನ ಒಂದೂವರೆ ಕೋಣೆಯಲ್ಲಿದ್ದೆವು. ಓನರ್ ಅಂಕಲ್ ಕೆಳಗೆ. ಆ ವರ್ಷದ ಸೆಪ್ಟೆಂಬರ್ ಮಳೆಗೆ ಸರಿಯಾಗಿ ಮಂಚದ ಮೇಲೇ ನೀರು ತೊಟ್ಟಿಕ್ಕಲು ಶುರುವಾಯಿತು. ಅಂಕಲ್ ಟಾರ್ಚ್ ಹಿಡಿದು ಮೇಲೆ ಬಂದರು. ಸೂರು ನೋಡಿದರು, ಮಂಚ ನೋಡಿದರು. "ಮಂಚ ಈ ಕಡೆ ಎಳ್ಕೊಳಿ. ಮಳೆ ನಿಲ್ಲಲಿ, ಮಾಡಿಸೋಣ" ಅಂತ ಹೇಳಿ ಇಳಿದು ಹೋದರು. ಅವರ ಚಪ್ಪಲಿ ಸದ್ದು ಕೆಳಗಿನ ಮೆಟ್ಟಿಲು ತಲುಪೋವರೆಗೂ ತಡೆದುಕೊಂಡಿದ್ದು, ನನ್ನ ಗಂಡ ಪಿಸುಗುಟ್ಟಿದ: "ಮಳೆ ನಿಂತ ಮೇಲೆ ಸೋರಲ್ವಲ್ಲ, ಏನು ಮಾಡಿಸ್ತಾರೆ?" ಇಬ್ಬರೂ ದಿಂಬಿಗೆ ಮುಖ ಒತ್ತಿ ನಕ್ಕಿದ್ದೆವು. ದಿಂಬು ಒದ್ದೆಯಾಗಿತ್ತು.

ಒಂದೇ ಮಾತು, ಒಂದೇ ಧಾಟಿ. ಅವತ್ತು ಕೇಳಿಸಿಕೊಂಡಿದ್ದೆ, ಈಗ ಹೇಳಿದೆ. ಇದು ತಲೆಯಲ್ಲಿ ಕೊರೆಯುತ್ತಿದ್ದಾಗಲೇ ಆ ಚಿತ್ರ ಕಣ್ಣಿಗೆ ಬಿತ್ತು.

ಹಾಸಿಗೆಯಲ್ಲಿ ಕೊಡೆ

ಲಾಕ್‌ಡೌನ್ ಕಾಲದಲ್ಲಿ ಅಂಟಿಕೊಂಡ ಒಂದು ಚಟ ನನಗಿದೆ. ರಾತ್ರಿ ನಿದ್ದೆ ಬರದಿದ್ದರೆ ಹಳೇ ಅಚ್ಚುಚಿತ್ರಗಳನ್ನು ನೋಡುತ್ತಾ ಕೂರೋದು. ಪ್ಯಾರಿಸ್ ನಗರದ ಮ್ಯೂಸಿಯಂಗಳು 2020ರ ಜನವರಿಯಲ್ಲಿ ತಮ್ಮ ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟವು. ಅಲ್ಲಿಂದ ಹಿಡಿದುಕೊಂಡ ದಾರಿ. ಫ್ರೆಂಚ್ ನನಗೆ ಬರೋದು ಪಿಯುಸಿಯಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ತಗೊಂಡಷ್ಟೇ. ಆದರೆ ಈ ಚಿತ್ರಗಳ ಕೆಳಗಿನ ಮಾತು ಒಂದೆರಡು ಸಾಲು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡರೆ ಸಾಕು.

ಓನೋರೆ ದೋಮಿಯೆ ಎಂಬ ಫ್ರೆಂಚ್ ವ್ಯಂಗ್ಯಚಿತ್ರಕಾರ 1847ರಲ್ಲಿ ಶುರು ಮಾಡಿದ ಒಂದು ಚಿತ್ರಮಾಲೆ ಇದೆ. ಹೆಸರು 'ಬಾಡಿಗೆದಾರರು ಮತ್ತು ಮನೆ ಮಾಲೀಕರು'. ಅದರಲ್ಲೊಂದು ಚಿತ್ರ. ಮಾಳಿಗೆಯ ಕೋಣೆ. ಒಬ್ಬ ಹಾಸಿಗೆಯಲ್ಲಿ ಮಲಗಿದ್ದಾನೆ, ಕೈಯಲ್ಲಿ ಬಿಚ್ಚಿದ ಕೊಡೆ. ಮೇಲಿಂದ ನೀರು. ಕೆಳಗೆ ಅವನ ಮಾತು: "ಕಳ್ಳ ಓನರ್... ಒಳ್ಳೆ ಹವಾ ಬರೋವರೆಗೂ ಏನೂ ರಿಪೇರಿ ಮಾಡಿಸಲ್ವಂತೆ!"

ನಾನು ನಗಲಿಲ್ಲ. ಸುಮ್ನೆ ಲ್ಯಾಪ್‌ಟಾಪ್ ಮುಚ್ಚಿದೆ. ಆಮೇಲೆ ಮತ್ತೆ ತೆರೆದೆ.

ಈ ಚಿತ್ರದಲ್ಲಿ ಓನರ್ ಇಲ್ಲ, ಗಮನಿಸಿ. ಅವನು ಬಂದು ಮಾತಾಡಿ ಹೋಗಿಯಾಗಿದೆ. ಅವನು ಹೇಳಿದ್ದರಲ್ಲಿ ತಪ್ಪೂ ಇಲ್ಲ. ಮಳೆಯಲ್ಲಿ ಸೂರು ಬಿಚ್ಚೋಕೆ ಆಗುತ್ತದಾ? ನಾನು ಶಿವಮೊಗ್ಗದ ಫೋನಿಗೆ ಹೇಳಿದ್ದೂ ಸುಳ್ಳೇನಲ್ಲ. ತಾರಸಿ ಪೂರ್ತಿ ಒಣಗದೆ ವಾಟರ್‌ಪ್ರೂಫಿಂಗ್ ಮಾಡಿದರೆ ದುಡ್ಡು ದಂಡ, ಯಾವ ಮೇಸ್ತ್ರಿಯನ್ನಾದರೂ ಕೇಳಿ. ಆದರೆ ಚಿತ್ರ ಬರೆದವನು ಆ ನ್ಯಾಯದ ಮಾತನ್ನು ಹಿಡಿದ ಜಾಗ ನೋಡಿ, ಹಾಸಿಗೆಯೊಳಗಿನಿಂದ. ಕೊಡೆಯ ಅಡಿಯಿಂದ ಕೇಳಿದರೆ ಆ ನ್ಯಾಯ ಎಷ್ಟು ಹಾಸ್ಯಾಸ್ಪದವಾಗಿರುತ್ತದೆ ಅಂತ ನನಗೊಮ್ಮೆ ಗೊತ್ತಿತ್ತು. ಮರೆತಿದ್ದೆ, ಅಷ್ಟೆ.

ದೊಡ್ಡದು ಮಾಡಿ ನೋಡಿದರೆ ಇಂಥ ಕೆಲವು ಹಾಳೆಗಳಲ್ಲಿ ಬಿಳಿ ಭಾಗದಲ್ಲಿ ಮಸುಕಾದ ಅಕ್ಷರಗಳು ಕಾಣುತ್ತವೆ, ತಿರುಗುಮುರುಗಾಗಿ. ಕೊಳೆ ಅಂದುಕೊಂಡಿದ್ದೆ. ಅದು ಹಾಳೆಯ ಹಿಂಬದಿಯ ಸುದ್ದಿ. ಇವೆಲ್ಲ ಗೋಡೆಗೆ ತೂಗುಹಾಕಲು ಬರೆದ ಚಿತ್ರಗಳಲ್ಲ. 'ಲ ಶಾರಿವಾರಿ' ಎಂಬ ದಿನಪತ್ರಿಕೆಯ ಪುಟಗಳು. ಚಾರ್ಲ್ಸ್ ಫಿಲಿಪೋನ್ ಎಂಬಾತ 1832ರಲ್ಲಿ ಶುರು ಮಾಡಿದ್ದು. ಶಾರಿವಾರಿ ಅಂದರೆ ಯಾರದೋ ಮನೆ ಮುಂದೆ ಊರವರು ನಿಂತು ಪಾತ್ರೆ ತಟ್ಟೆ ಬಡಿದು ಮಾಡುವ ಗಲಾಟೆ, ಮಾನ ಹರಾಜು ಹಾಕೋಕೆ. ದೋಮಿಯೆ ಕೊಬ್ಬಿನ ಬಳಪದಿಂದ ಸುಣ್ಣಕಲ್ಲಿನ ಮೇಲೆ ಬರೆದು ಕೊಡುತ್ತಿದ್ದ. ಕೆಳಗಿನ ಮಾತನ್ನು ಎಷ್ಟೋ ಸಲ ಪತ್ರಿಕೆಯ ಬೇರೆಯವರು ಬರೆಯುತ್ತಿದ್ದರು. ಜೀವನದಲ್ಲಿ ಹೀಗೆ ಸುಮಾರು 4,000 ಕಲ್ಲಚ್ಚಿನ ಚಿತ್ರ ಮಾಡಿದ. (ಅದೇ ಕಾಲಕ್ಕೆ ನಮ್ಮಲ್ಲೂ ಕಲ್ಲಚ್ಚು ಓಡುತ್ತಿತ್ತು. 1843ರ ಜುಲೈನಲ್ಲಿ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಅಚ್ಚಾದದ್ದು ಕಲ್ಲಿನ ಮೇಲೇ.)

ಅವನು ಓನರ್‌ಗಳ ಕಡೆ ತಿರುಗಿದ್ದಕ್ಕೂ ಒಂದು ಕಾರಣ ಇದೆ. ಮೊದಲು ಅವನು ಬರೆಯುತ್ತಿದ್ದದ್ದು ದೊರೆಯನ್ನು. ಲೂಯಿ ಫಿಲಿಪ್ ದೊರೆ ಬಾಯಿ ತೆರೆದು ಕೂತು ಬಡವರ ದುಡ್ಡು ನುಂಗುವ ಹಾಗೆ 1831ರಲ್ಲಿ ಬರೆದ. ಮರುವರ್ಷ ಜೈಲಿಗೆ ಹೋದ. 1835ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಕಾನೂನೇ ತಂದಿತು. ಮುಂಚೆ ತೋರಿಸಿ ಒಪ್ಪಿಗೆ ಪಡೆಯದೆ ಯಾವ ಚಿತ್ರವನ್ನೂ ಅಚ್ಚು ಹಾಕುವ ಹಾಗಿಲ್ಲ. ದೊರೆ ಬೇಡವಾದರೆ ವಕೀಲ ಇದ್ದಾನೆ, ಡಾಕ್ಟರ್ ಇದ್ದಾನೆ, ಮನೆ ಓನರ್ ಇದ್ದಾನೆ. ಆಗ ಫ್ರಾನ್ಸಿನಲ್ಲಿ ವೋಟು ಹಾಕಬೇಕಾದರೆ ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟಿರಬೇಕಿತ್ತು. ಅಷ್ಟು ಕಟ್ಟುವವರು ಹೆಚ್ಚಾಗಿ ಆಸ್ತಿವಂತರು. ಹಾಗಾಗಿ ಓನರ್‌ನನ್ನು ಬರೆದರೂ ದೊರೆಯ ಪಕ್ಕದಲ್ಲೇ ಎಲ್ಲೋ ಕಲ್ಲು ಬೀಳುತ್ತಿತ್ತು.

ಸೀಳಿದ ಮನೆ

ಇನ್ನೊಂದು ಚಿತ್ರ ನನ್ನ ಫೋನಿನಲ್ಲಿ ಈಗಲೂ ಇದೆ. ಬೆರ್ತಾಲ್ ಎಂಬಾತ ಬರೆದದ್ದು. ಪ್ಯಾರಿಸ್ಸಿನ ಒಂದು ಮನೆಯ ಮುಂಗೋಡೆ ಕಿತ್ತು ತೆಗೆದರೆ ಒಳಗೆ ಏನೇನು ಕಾಣುತ್ತದೆ? ಹಲಸಿನ ಹಣ್ಣು ಸೀಳಿದ ಹಾಗೆ ಸೀಳಿಟ್ಟಿದ್ದಾನೆ. 1845ರ ಜನವರಿ 1ನೇ ತಾರೀಕು, ಹೊಸ ವರ್ಷದ ದಿನ. ಮುಂದೆ ಜೂಲ್ಸ್ ವರ್ನ್‌ನ ಕಾದಂಬರಿಗಳನ್ನು ಪ್ರಕಟಿಸಿದ ಹೆಟ್ಜೆಲ್ ತಂದ ಪ್ಯಾರಿಸ್ ಕುರಿತ ಪುಸ್ತಕವೊಂದರಲ್ಲಿ ಇದು ಬಂತು.

ಕೆಳಗೆ ಮನೆ ಕಾಯುವವರ ಗೂಡು ಮತ್ತು ಅಡುಗೆಮನೆ. ಅದರ ಮೇಲಿನ ಮಹಡಿಯಲ್ಲಿ ಶ್ರೀಮಂತ ದಂಪತಿ, ಅಷ್ಟು ದೊಡ್ಡ ಕೋಣೆಯಲ್ಲಿ ಬೇಜಾರಾಗಿ ಬಿದ್ದುಕೊಂಡಿದ್ದಾರೆ. ಅದರ ಮೇಲೆ ಮಕ್ಕಳಿರುವ ಸಂಸಾರ, ಹೊಸ ವರ್ಷದ ಸಡಗರ. ಅದರ ಮೇಲೆ ಇನ್ನೂ ಸಣ್ಣ ಕೋಣೆಗಳು, ಅಲ್ಲೊಬ್ಬ ಬಾಡಿಗೆ ಕೇಳಲು ಬಂದು ನಿಂತಿದ್ದಾನೆ. ಕೊನೆಗೆ ಸೂರಿನಡಿ ಮಾಳಿಗೆ, ಏನೂ ಇಲ್ಲದ ಬಡ ಕುಟುಂಬ. ಅಲ್ಲೂ ಒಬ್ಬ ಹಾಸಿಗೆಯಲ್ಲಿ ಕೊಡೆ ಬಿಚ್ಚಿಕೊಂಡಿದ್ದಾನೆ! ದೋಮಿಯೆಯ ಮನುಷ್ಯನ ಅಣ್ಣನೇ ಇರಬೇಕು.

ಲಿಫ್ಟ್ ಇಲ್ಲದ ಕಾಲದ ಲೆಕ್ಕ ಇದು. ಮೆಟ್ಟಿಲು ಹೆಚ್ಚಾದಷ್ಟೂ ಬಾಡಿಗೆ ಕಡಿಮೆ. ನೀರೂ ಸೌದೆಯೂ ಹೆಗಲ ಮೇಲೇ ಹತ್ತಬೇಕು. ಈಗ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಮೇಲಕ್ಕೆ ಹೋದಷ್ಟೂ ರೇಟು, 'ವ್ಯೂ' ಅಂತ ಬೇರೆ ದುಡ್ಡು. ಆದರೆ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೆರ್ತಾಲ್‌ನ ಲೆಕ್ಕ ಇನ್ನೂ ನಡೆಯುತ್ತಿದೆ. ಕೆಳಗೆ ಓನರ್, ನಡುವೆ ಸಂಸಾರಸ್ಥರು, ತಾರಸಿಯ ಮೇಲೆ ಶೀಟ್ ಹಾಕಿದ ಕೋಣೆಯಲ್ಲಿ ಬ್ಯಾಚುಲರ್ ಹುಡುಗರು.

ನನಗೆ ಆ ಚಿತ್ರದಲ್ಲಿ ಇಷ್ಟವಾಗಿದ್ದು ಈ ಮೇಲು ಕೀಳಿಗಿಂತ ಗೋಡೆ. ಎಲ್ಲರೂ ಒಂದೇ ಮೆಟ್ಟಿಲು ಹತ್ತುತ್ತಾರೆ, ಒಬ್ಬರ ನೆಲವೇ ಇನ್ನೊಬ್ಬರ ಸೂರು. ಆದರೂ ಚಿತ್ರದೊಳಗೆ ಯಾರಿಗೂ ಯಾರೂ ಕಾಣುವುದಿಲ್ಲ. ಕಾಣೋದು ನಮಗೆ ಮಾತ್ರ, ಗೋಡೆ ಕಿತ್ತ ಕಡೆ ನಿಂತವರಿಗೆ. ಓನರ್ ಅಂಕಲ್ ಮನೆಯ ಟಿವಿ ಸದ್ದು ನಮಗೆ ಕೇಳುತ್ತಿತ್ತು. ನಾವು ಮಂಚ ಎಳೆದ ಸದ್ದು ಅವರಿಗೆ ಕೇಳಿಸಿರಲೇಬೇಕು.

ಬಾಡಿಗೆ ದಿನ

ಆಗ ಪ್ಯಾರಿಸ್ಸಿನಲ್ಲಿ ಬಾಡಿಗೆ ತಿಂಗಳು ತಿಂಗಳು ಕೊಡುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಸಣ್ಣ ಮನೆಗಳಿಗೆ 8ನೇ ತಾರೀಕು, ದೊಡ್ಡವಕ್ಕೆ 15. ಮನೆ ಬಿಡೋರು ಬಿಡೋದೂ ಆವತ್ತೇ, ಸೇರೋರು ಸೇರೋದೂ ಆವತ್ತೇ. ಊರಿಗೆ ಊರೇ ಪಾತ್ರೆ ಪಗಡಿ ಹೊತ್ತುಕೊಂಡು ಬೀದಿಗೆ ಇಳಿಯುತ್ತಿತ್ತು. ಕೈಗಾಡಿಯಲ್ಲಿ ಹಾಸಿಗೆ, ಅದರ ಮೇಲೆ ಒಲೆ ಕೊಳವೆ, ಹೆಂಡತಿಯ ಕೈಯಲ್ಲಿ ಗಡಿಯಾರ. 1831ರಲ್ಲಿ ಏಳೂಮುಕ್ಕಾಲು ಲಕ್ಷ ದಾಟಿದ್ದ ಊರಿನ ಜನಸಂಖ್ಯೆ 1846ಕ್ಕೆ ಹತ್ತು ಲಕ್ಷ ಮೀರಿತ್ತು. ಮನೆಗಳು ಮಾತ್ರ ಆ ವೇಗದಲ್ಲಿ ಏಳಲಿಲ್ಲ. ಓನರ್‌ಗೆ ಇದಕ್ಕಿಂತ ಇನ್ನೇನು ಬೇಕು? ಜನ ಅವನಿಗೆ ಇಟ್ಟ ಹೆಸರು 'ಮೊಸ್ಯೂ ವೋತೂರ್'. ವೋತೂರ್ ಅಂದರೆ ರಣಹದ್ದು. ಹದ್ದಪ್ಪನವರು ಅನ್ನಬಹುದು.

ಈ ಮಧ್ಯೆ ಇನ್ನೊಬ್ಬ ಇದ್ದಾನೆ, ಕೊಂಸಿಯೆರ್ಜ್. ಬಾಗಿಲ ಪಕ್ಕದ ಗೂಡಿನಲ್ಲಿರುವ ಮನೆ ಕಾಯುವವನು. ನಮ್ಮ ವಾಚ್‌ಮನ್ ಅಂದುಕೊಂಡರೆ ತಪ್ಪಾಗುತ್ತದೆ. ಅವನ ಕೈಯಲ್ಲಿ ಹಗ್ಗ ಇರುತ್ತಿತ್ತು. ರಾತ್ರಿ ತಡವಾಗಿ ಬಂದ ಬಾಡಿಗೆಯವನು ಬೀದಿಯಲ್ಲಿ ನಿಂತು "ಹಗ್ಗ ಎಳೆಯಿರಿ ಸ್ವಾಮಿ" ಅಂತ ಕೂಗಬೇಕು. ಇವನು ಮಲಗಿದ್ದಲ್ಲಿಂದಲೇ ಎಳೆದರೆ ಬಾಗಿಲು ತೆರೆಯುತ್ತಿತ್ತು. ಎಳೆಯದಿದ್ದರೆ ಇಲ್ಲ. ಮನೆ ಗೊತ್ತಾದ ದಿನ ಅವನ ಕೈಗೆ ಕಾಸು, ಹೊಸ ವರ್ಷಕ್ಕೆ ಮತ್ತೆ ಕಾಸು. ಯೂಜಿನ್ ಸೂ 1842-43ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಪ್ಯಾರಿಸ್ ಕಾದಂಬರಿಯಲ್ಲಿ ಪಿಪ್ಲೆ ಎಂಬ ಇಂಥವನೊಬ್ಬ ಬರುತ್ತಾನೆ. ಅವನು ಎಷ್ಟು ಮನೆಮಾತಾದನೆಂದರೆ ಮುಂದೆ ಎಲ್ಲ ಕೊಂಸಿಯೆರ್ಜ್‌ಗಳಿಗೂ ಪಿಪ್ಲೆ ಅನ್ನೋದೇ ಹೆಸರಾಯಿತು.

ಅಡ್ವಾನ್ಸ್ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ನಾವು ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟವರು. ಬಿಡುವಾಗ ಅದರಲ್ಲಿ ಒಂದು ತಿಂಗಳದ್ದು ಪೇಂಟಿಂಗ್ ದುಡ್ಡು ಅಂತ ಮುರಿದುಕೊಂಡರು. ಪ್ಯಾರಿಸ್ಸಿನ ಓನರ್‌ಗೆ ಕಾನೂನು ಬೇರೆಯೇ ದಾರಿ ಕೊಟ್ಟಿತ್ತು. ಬಾಡಿಗೆಗೆ ಬರೋನು ಮನೆಗೆ ಸಾಕಷ್ಟು ಸಾಮಾನು ತಂದು ತುಂಬಿಸಬೇಕು. ಬಾಡಿಗೆ ಬಾಕಿ ಬಿದ್ದರೆ ಆ ಸಾಮಾನಿನ ಮೇಲೆ ಮೊದಲ ಹಕ್ಕು ಓನರ್‌ದು. ಅಂದರೆ ನೀವು ಮಲಗೋ ಮಂಚವೇ ನಿಮ್ಮ ಅಡ್ವಾನ್ಸ್. ಅದಕ್ಕೇ ರಾತ್ರೋರಾತ್ರಿ ಮನೆ ಖಾಲಿ ಮಾಡೋ ಕಲೆ ಅಲ್ಲಿ ಹುಟ್ಟಿತು. 'ಮರದ ಗಂಟೆಗೆ ಮನೆ ಬಿಡೋದು' ಅಂತ ಅದಕ್ಕೊಂದು ಮಾತೇ ಇದೆ. ಮರದ ಗಂಟೆ ಬಾರಿಸಿದರೆ ಕೇಳಿಸುವುದಿಲ್ಲವಲ್ಲ! ಕೆಳಗೆ ಪಿಪ್ಲೆ ಮಲಗಿದ್ದಾನೆ, ಬಾಗಿಲಿನಿಂದ ಆಗದು. ಹಾಗಾಗಿ ಕಿಟಕಿಯಿಂದ ಹಗ್ಗ ಕಟ್ಟಿ ಹಾಸಿಗೆ, ಕುರ್ಚಿ ಒಂದೊಂದೇ ಇಳಿಸೋದು.

ಗವಾರ್ನಿ ಎಂಬ ಇನ್ನೊಬ್ಬ ಚಿತ್ರಕಾರನ ಕೆಲಸ ಹುಡುಕುತ್ತಾ ಹೋದಾಗ ಸಿಕ್ಕ ಇನ್ನೊಂದು ಸಂಗತಿ ನನ್ನನ್ನು ಈಗಲೂ ಬಿಟ್ಟಿಲ್ಲ. ಹೊಸದಾಗಿ ಕಟ್ಟಿದ ಮನೆಯ ಗಾರೆ ಹಸಿಯಾಗಿರುತ್ತದೆ. ಅನುಕೂಲಸ್ಥರು ಬರುವುದಿಲ್ಲ. ಅದಕ್ಕೆ ಮೊದಲ ವರ್ಷ ಅಗ್ಗದ ಬಾಡಿಗೆಗೆ ಯಾರನ್ನಾದರೂ ಕೂರಿಸುತ್ತಿದ್ದರು. ಅವರ ಒಲೆಯ ಬಿಸಿಗೆ, ಉಸಿರಿಗೆ ಗೋಡೆ ಒಣಗಬೇಕು. 'ಗಾರೆ ಒರೆಸೋದು' ಅಂತಲೇ ಅದರ ಹೆಸರು. ನೋತ್ರ್ ದಾಮ್ ದ ಲೊರೆತ್ ಚರ್ಚಿನ ಸುತ್ತ ಎದ್ದ ಹೊಸ ಮನೆಗಳಿಗೆ ಹಾಗೆ ಬಂದವರು ಒಂಟಿ ಹುಡುಗಿಯರು, ಗಂಡಸರ ದುಡ್ಡಿನ ಮೇಲೆ ಬದುಕುತ್ತಿದ್ದವರು. ಚರ್ಚಿನ ಹೆಸರೇ ಅವರಿಗೆ ಅಂಟಿ 'ಲೊರೆತ್'ಗಳಾದರು. ಗವಾರ್ನಿ ಅವರನ್ನೇ ಚಿತ್ರ ಮಾಡಿದ. ಚಿತ್ರಗಳಲ್ಲಿ ಅವರು ಸೋಫಾದ ಮೇಲೆ ಒರಗಿ ಚಟಾಕಿ ಹಾರಿಸುತ್ತಾರೆ. ಗೋಡೆಯ ತೇವ ಚಿತ್ರದಲ್ಲಿ ಕಾಣುವುದಿಲ್ಲ.

ನಕ್ಕವರು ಯಾರು

ಇಲ್ಲಿಗೆ ಬಂದಾಗ ನನಗೆ ಸಣ್ಣ ಅನುಮಾನ ಶುರುವಾಯಿತು. ಶಾರಿವಾರಿಯ ವರ್ಷದ ಚಂದಾ 60 ಫ್ರಾಂಕ್. ಆಗ ಪ್ಯಾರಿಸ್ಸಿನ ಕೂಲಿಯವನಿಗೆ ದಿನಕ್ಕೆ ಸಿಗುತ್ತಿದ್ದದ್ದು 3-4 ಫ್ರಾಂಕ್. ಅರ್ಧ ತಿಂಗಳ ದುಡಿಮೆ ಕೊಟ್ಟು ಯಾರು ಪೇಪರ್ ಹಾಕಿಸಿಕೊಳ್ಳುತ್ತಾರೆ? ಅದನ್ನು ಓದುತ್ತಿದ್ದವರು ವಕೀಲರು, ವ್ಯಾಪಾರಿಗಳು, ಡಾಕ್ಟರ್‌ಗಳು. ಅವರಲ್ಲಿ ಎಷ್ಟೋ ಜನ ಹದ್ದಪ್ಪನವರೇ ಇರಬೇಕು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೊಡೆ ಹಿಡಿದವನ ಚಿತ್ರ ನೋಡಿ ನಕ್ಕು, ಪೇಪರ್ ಮಡಚಿಟ್ಟು, ಬಾಡಿಗೆ ವಸೂಲಿಗೆ ಹೊರಟಿರುತ್ತಾರೆ. ಬೈಸಿಕೊಂಡವರಿಗೇ ಬೈಗುಳ ಇಷ್ಟವಾಗೋದು ಹೇಗೆ ಅಂತ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಚಿತ್ರದಲ್ಲಿರೋ ಓನರ್ ಯಾವಾಗಲೂ ಪಕ್ಕದ ಮನೆಯವನು. ನಾನೂ ವಾಟ್ಸಾಪಿನಲ್ಲಿ ಬೆಂಗಳೂರು ಓನರ್‌ಗಳ ಮೇಲಿನ ಜೋಕುಗಳನ್ನು ಫಾರ್ವರ್ಡ್ ಮಾಡುತ್ತಲೇ ಇರುತ್ತೇನೆ. ಶಿವಮೊಗ್ಗದ ಬಾಡಿಗೆ ಪ್ರತಿ ತಿಂಗಳು ಅದೇ ಫೋನಿಗೆ ಬಂದು ಬೀಳುತ್ತದೆ. ಈ ಎರಡೂ ಒಂದಕ್ಕೊಂದು ಸಂಬಂಧ ಅಂತ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಮತ್ತೆ, ಈ ಚಿತ್ರಗಳಲ್ಲಿ ಬರಲೂ ಒಂದು ಅರ್ಹತೆ ಬೇಕು. ಸ್ವಂತದ್ದೊಂದು ಕೋಣೆ, ಹಾಸಿಗೆ, ಕೊಡೆ. ಲಿಮೂಸಾ ಸೀಮೆಯಿಂದ ಗಾರೆ ಕೆಲಸಕ್ಕೆ ಬಂದು ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಮಲಗುತ್ತಿದ್ದ ಕೂಲಿಗಳಿಗೆ ಆ ಅದೃಷ್ಟ ಇರಲಿಲ್ಲ. 1853ರಲ್ಲಿ ಓಸ್ಮಾನ್ ಎಂಬ ಅಧಿಕಾರಿ ಬಂದು ಹಳೇ ಪ್ಯಾರಿಸ್ ಕೆಡವಲು ಶುರು ಮಾಡಿದ ಮೇಲೆ ಅವರೂ ಚಿತ್ರದೊಳಗೆ ಬರುತ್ತಾರೆ, ಗೋಡೆ ಒಡೆಯೋಕೆ. ಒಬ್ಬ ವಯಸ್ಸಾದ ಗಂಡ ಅರ್ಧ ಬಿದ್ದ ಮನೆ ತೋರಿಸಿ ಹೆಂಡತಿಗೆ ಹೇಳುತ್ತಾನೆ: "ಅದೇ ಕಣೆ ನಾವು ಮೊದಲ ರಾತ್ರಿ ಕಳೆದ ಕೋಣೆ, ಅದೆಲೈಡ್... ಈ ಲಿಮೂಸಾದವರಿಗೆ ಯಾವುದರ ಮೇಲೂ ಗೌರವ ಇಲ್ಲ!" ನಗು ಬರುತ್ತದೆ. ಜೊತೆಗೆ, ಆ ಹಾರೆ ಹಿಡಿದವನು ರಾತ್ರಿ ಎಲ್ಲಿ ಮಲಗುತ್ತಾನೆ ಅಂತ ಚಿತ್ರದಲ್ಲಿ ಯಾರೂ ಕೇಳುವುದಿಲ್ಲ ಅನ್ನೋದೂ ಕಾಣುತ್ತದೆ. ಅದೇ ಕಾಲದ ಇನ್ನೊಂದು ಚಿತ್ರದಲ್ಲಿ ಹದ್ದಪ್ಪ ನಿಂತು ಕೆಡವುವುದನ್ನು ನೋಡುತ್ತಾ ಖುಷಿಪಡುತ್ತಾನೆ: "ಒಳ್ಳೇದಾಯ್ತು! ಇನ್ನೊಂದು ಮನೆ ಬಿತ್ತು. ನನ್ನ ಬಾಡಿಗೆಯವರಿಗೆಲ್ಲ 200 ಫ್ರಾಂಕ್ ಏರಿಸ್ತೀನಿ." ಇಡೀ ಅರ್ಥಶಾಸ್ತ್ರ ಎರಡು ಸಾಲಿನಲ್ಲಿ. ಮೆಟ್ರೋ ಬರುತ್ತದೆ ಅಂತ ನಮ್ಮ ಬೀದಿಯಲ್ಲಿ ಬಾಡಿಗೆ ಏರಿದಾಗ ನಾನು ಇದನ್ನೇ ನೆನಪು ಮಾಡಿಕೊಂಡೆ.

ದೋಮಿಯೆಯೂ ಬಾಡಿಗೆದಾರನೇ. ಅಪ್ಪ ಮಾರ್ಸೇ ಊರಿನಲ್ಲಿ ಕಿಟಕಿಗೆ ಗಾಜು ಹಾಕುವವನು, ಕವಿಯಾಗುತ್ತೇನೆಂದು ಪ್ಯಾರಿಸ್ಸಿಗೆ ಬಂದು ಸಂಸಾರವನ್ನು ಮನೆಯಿಂದ ಮನೆಗೆ ಸಾಗಿಸಿದವನು. ಮಗ ಈ ಚಿತ್ರಗಳನ್ನು ಬರೆಯುತ್ತಿದ್ದಾಗ ಇದ್ದದ್ದು ಸೇನ್ ನದಿಯ ನಡುವಿನ ಸೇಂ ಲೂಯಿ ದ್ವೀಪದಲ್ಲಿ. ಮುದಿತನದಲ್ಲಿ ಕಣ್ಣು ಮಂಜಾಗಿ, ದುಡ್ಡಿಲ್ಲದೆ, ವಾಲ್ಮೊಂದ್ವಾ ಹಳ್ಳಿಯ ಮನೆಯ ಬಾಡಿಗೆಗೂ ತತ್ವಾರ. ಆಗ ಚಿತ್ರಕಾರ ಕೊರೊ ಆ ಮನೆಯನ್ನೇ ಕೊಂಡು ಅವನಿಗೆ ಬಿಟ್ಟುಕೊಟ್ಟ ಅಂತ ಕತೆ ಹೇಳುತ್ತಾರೆ. ಜೊತೆಗೆ ಒಂದು ಚೀಟಿಯನ್ನೂ ಬರೆದನಂತೆ: ಇದು ನಿನಗೋಸ್ಕರ ಅಲ್ಲಪ್ಪ, ನಿನ್ನ ಓನರ್‌ಗೆ ಉರಿಯಲಿ ಅಂತ. 1879ರಲ್ಲಿ ದೋಮಿಯೆ ಅಲ್ಲೇ ತೀರಿಕೊಂಡ. ಕತೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಬಿದ್ದಿದ್ದರೂ ಪರವಾಗಿಲ್ಲ.

ಶಿವಮೊಗ್ಗಕ್ಕೆ ನಾನು ಹೋದದ್ದು ನವೆಂಬರ್‌ನಲ್ಲಿ. ಗಾರೆಯವರು ಎರಡು ದಿನ ತಾರಸಿ ಕೆರೆದು, ಬಿರುಕು ಬಿಡಿಸಿ, ಮುಚ್ಚಿದರು. ಅಷ್ಟರಲ್ಲಿ ಮಳೆ ನಿಂತು ತಿಂಗಳಾಗಿತ್ತು. ಆಕೆ ಟೀ ತಂದುಕೊಟ್ಟರು. ಮಿಷನ್ ಇನ್ನೂ ಮೂಲೆಯಲ್ಲೇ ಇತ್ತು, ಬೆಳಕು ಸರಿಯಾಗಿ ಬೀಳದ ಕಡೆ. "ಇನ್ನು ಮೊದಲಿನ ಜಾಗಕ್ಕೇ ಇಟ್ಕೊಳಿ" ಅಂದೆ. "ಮುಂದಿನ ಮಳೆ ನೋಡೋಣ ಅಕ್ಕಾ" ಅಂದರು, ನಗುತ್ತಾ. ನಡುಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಬಕೆಟ್ಟಿನ ತಳದಷ್ಟು ಅಗಲದ ಬಿಳಿ ಸುತ್ತು ಉಳಿದಿತ್ತು. ಕಾಲಿನ ಹೆಬ್ಬೆರಳಿಂದ ಉಜ್ಜಿ ನೋಡಿದೆ. ಹೋಗಲಿಲ್ಲ.